ಕಂಪನಿ ಸಲ್ಲಿಸಿದ ರಿಟ್ ಅರ್ಜಿ ಮತ್ತು ವಾಕ್ ಸ್ವಾತಂತ್ರ್ಯ
ಸರ್ಕಾರದ ಆದೇಶವನ್ನು ಪ್ರಶ್ನಿಸಿ ನಿಮ್ಮ ಪತ್ರಿಕಾ ಕಂಪನಿ ಸಲ್ಲಿಸಿದ ರಿಟ್ ಅರ್ಜಿಗೆ (ಹಕ್ಕಿನ ರಕ್ಷಣೆ ಕೋರಿ ನ್ಯಾಯಾಲಯಕ್ಕೆ ಸಲ್ಲಿಸುವ ಅರ್ಜಿ) ಸರ್ಕಾರಿ ವಕೀಲರು ಆಕ್ಷೇಪ ಎತ್ತಿದ್ದಾರೆ, ಈಗ ಏನು ಮಾಡಬೇಕು ಎಂದು ಕೇಳಿದ್ದೀರಿ. ಆ ಆಕ್ಷೇಪಕ್ಕೆ ಕಾರಣ ಬಹುಶಃ ಕಂಪನಿಯೊಂದೇ ಅರ್ಜಿದಾರನಾಗಿರುವುದು. ಸಂವಿಧಾನದ 19(1)(ಎ) ವಿಧಿಯ ವಾಕ್ ಸ್ವಾತಂತ್ರ್ಯ ನಾಗರಿಕರಿಗೆ ಮಾತ್ರ ಸೇರಿದ್ದು, ಕಂಪನಿಯು ನಾಗರಿಕನಲ್ಲವೆಂದು ಸುಪ್ರೀಂ ಕೋರ್ಟ್ 1963ರ ಸ್ಟೇಟ್ ಟ್ರೇಡಿಂಗ್ ಕಾರ್ಪೊರೇಷನ್ ಪ್ರಕರಣದಲ್ಲೇ ಹೇಳಿದೆ. ಮೊದಲು, ಭಾರತೀಯ ನಾಗರಿಕರಾದ ಒಬ್ಬ ಷೇರುದಾರರನ್ನೋ ಸಂಪಾದಕರನ್ನೋ ಸಹ ಅರ್ಜಿದಾರರನ್ನಾಗಿ ಸೇರಿಸಲು ತಿದ್ದುಪಡಿ ಅರ್ಜಿ ಹಾಕಿ. ಅದರಲ್ಲಿ ಕಂಪನಿಯ ನಷ್ಟವನ್ನಷ್ಟೇ ಬರೆಯದೆ, ಸರ್ಕಾರದ ಆದೇಶವು ಆ ವ್ಯಕ್ತಿಯ ಅಭಿವ್ಯಕ್ತಿಯನ್ನೇ ಹೇಗೆ ತಡೆಯುತ್ತದೆ ಎಂಬುದನ್ನು ಸ್ಪಷ್ಟವಾಗಿ ನಮೂದಿಸಿ. ಹಕ್ಕು ನಿಜಕ್ಕೂ ಮಾತನಾಡುವ ಮನುಷ್ಯರದೇ ಆಗಿರುವುದರಿಂದ ಇದು ನ್ಯಾಯವಾದ ಬೇಡಿಕೆಯೆಂದೇ ನನ್ನ ಅಭಿಪ್ರಾಯ. ನ್ಯೂಸ್‌ಪ್ರಿಂಟ್ (ಪತ್ರಿಕೆ ಮುದ್ರಿಸುವ ಕಾಗದ) ಬಳಕೆಗೆ ಸರ್ಕಾರ ಹಾಕಿದ ಮಿತಿಯನ್ನು ಪ್ರಶ್ನಿಸಿದ ಬೆನೆಟ್ ಕೋಲ್ಮನ್ ಪತ್ರಿಕಾ ಕಂಪನಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ನೀಡಿದ 1972ರ ತೀರ್ಪನ್ನು ಉಲ್ಲೇಖಿಸಿ: ಅಲ್ಲಿ ಷೇರುದಾರರೂ ಸಂಪಾದಕರೂ ಜೊತೆಗಿದ್ದುದರಿಂದ ಇದೇ ಆಕ್ಷೇಪ ನಿಲ್ಲಲಿಲ್ಲ. ಆದರೆ 14ನೇ ವಿಧಿಯ ಸಮಾನತೆಯನ್ನು ಕಂಪನಿ ತನ್ನ ಹೆಸರಿನಲ್ಲೇ ಕೇಳಬಹುದು. ತಿದ್ದುಪಡಿಗೆ ಅನುಮತಿ ನ್ಯಾಯಾಲಯದ ವಿವೇಚನೆಗೆ ಬಿಟ್ಟದ್ದಾದ್ದರಿಂದ ಮುಂದಿನ ವಿಚಾರಣೆಗೆ ಮೊದಲೇ ಸಲ್ಲಿಸಿ.