ತ್ರೀ ಕುಶನ್ ವಿಶ್ವ ಚಾಂಪಿಯನ್‌ಶಿಪ್ ಕುರಿತ ನಿಮ್ಮ ಲೇಖನದ ಬಗ್ಗೆ

ಆತ್ಮೀಯರೇ,

ತ್ರೀ ಕುಶನ್ ಬಿಲಿಯರ್ಡ್ಸ್‌ನ ವಿಶ್ವ ಚಾಂಪಿಯನ್‌ಶಿಪ್ ನಡೆದು ಬಂದ ದಾರಿಯನ್ನು ಕುರಿತು ನೀವು ನಮ್ಮ ಪತ್ರಿಕೆಗೆ ಕಳಿಸಿದ ಎಂಟು ಪುಟಗಳ ಲೇಖನವನ್ನು ಎರಡು ಬಾರಿ ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲು ಸಾಧ್ಯವಿಲ್ಲ. ಆದರೆ ಕನ್ನಡದಲ್ಲಿ ಈ ಆಟದ ಬಗ್ಗೆ ಬರೆಯುವವರು ತೀರ ವಿರಳ, ಅಲ್ಲದೆ ನಿಮ್ಮ ಲೇಖನದ ಒಂದು ಪುಟ ನಿಜಕ್ಕೂ ಚೆನ್ನಾಗಿದೆ. ಆದ್ದರಿಂದ ವಿಷಾದ ಸೂಚಿಸುವ ಎರಡು ಸಾಲು ಬರೆದು ಕೈತೊಳೆದುಕೊಳ್ಳಲು ನನಗೆ ಮನಸ್ಸಾಗಲಿಲ್ಲ.

ಲೇಖನ 1928ರಲ್ಲಿ ಆರಂಭವಾಗಿ 2024ರವರೆಗೆ ವರ್ಷ, ಊರು, ಗೆದ್ದವರ ಹೆಸರು, ಅವರ ದೇಶ ಎಂಬ ಒಂದೇ ಕ್ರಮದಲ್ಲಿ ಸಾಗುತ್ತದೆ. ಮೂರನೆಯ ಪುಟಕ್ಕೆ ಬರುವ ಹೊತ್ತಿಗೆ ಓದುಗರಿಗೆ ಹೆಸರುಗಳು ಒಂದರೊಳಗೊಂದು ಕಲಸಿಹೋಗುತ್ತವೆ. ಇದಕ್ಕೆ ಹೆಸರುಗಳು ವಿದೇಶದವು ಎಂಬುದು ಕಾರಣವಲ್ಲ. ಆ ಹೆಸರಿನವರು ಮೇಜಿನ ಮುಂದೆ ನಿಂತು ಏನು ಮಾಡಬೇಕಾಗಿತ್ತು, ಅದು ಏಕೆ ಕಷ್ಟ ಎಂಬುದನ್ನು ನೀವು ಎಲ್ಲಿಯೂ ಹೇಳಿಲ್ಲ, ಅದು ಕಾರಣ. ನಮ್ಮ ಓದುಗರಲ್ಲಿ ಹೆಚ್ಚಿನವರು ಪಾಕೆಟ್‌ಗಳಿಲ್ಲದ ಬಿಲಿಯರ್ಡ್ಸ್ ಮೇಜನ್ನು ಕಣ್ಣಾರೆ ಕಂಡವರಲ್ಲ. ಬಿಲಿಯರ್ಡ್ಸ್ ಎಂದಾಗ ಅವರ ಮನಸ್ಸಿಗೆ ಬರುವುದು ನಮ್ಮ ಕ್ಲಬ್ಬುಗಳಲ್ಲಿರುವ ಹನ್ನೆರಡು ಅಡಿ ಉದ್ದದ, ಆರು ಪಾಕೆಟ್‌ಗಳ ಮೇಜು. ಇನ್ನೊಂದು ಆಟದ ಚರಿತ್ರೆಯನ್ನು ಹೇಳಲು ಹೊರಟವರು ಮೊದಲು ಅದರ ಮೇಜನ್ನು ತಂದು ಓದುಗರ ಮುಂದೆ ಇಡಬೇಕು: ಆಡುವ ಜಾಗ 2.84 ಮೀಟರ್ ಉದ್ದ, 1.42 ಮೀಟರ್ ಅಗಲ. ಚೆಂಡುಗಳು ಬಿಳಿ, ಹಳದಿ, ಕೆಂಪು ಎಂದು ಮೂರೇ ಮೂರು. ಒಂದೊಂದರ ವ್ಯಾಸ 61.5 ಮಿಲಿಮೀಟರ್, ಅಂದರೆ ಸ್ನೂಕರ್ ಚೆಂಡಿಗಿಂತ ಒಂಬತ್ತು ಮಿಲಿಮೀಟರ್ ದೊಡ್ಡದು. ಚೆಂಡನ್ನು ಎಲ್ಲಿಯೂ ಬೀಳಿಸುವುದಿಲ್ಲ, ಅದು ಮೇಜಿನ ಬದಿಗಳ ರಬ್ಬರ್ ಅಂಚಿಗೆ, ಅಂದರೆ ಕುಶನ್‌ಗೆ, ತಗುಲಿ ಪುಟಿದು ಮರಳುತ್ತದೆ.

ನಿಯಮವನ್ನು ನೀವು ಒಂದೇ ವಾಕ್ಯದಲ್ಲಿ ಹೇಳಿದ್ದೀರಿ, ಅದೂ ತಪ್ಪಾಗಿದೆ. "ಆಟಗಾರನ ಚೆಂಡು ಮೂರು ದಿಂಬುಗಳಿಗೂ ಉಳಿದೆರಡು ಚೆಂಡುಗಳಿಗೂ ತಗುಲಬೇಕು" ಎಂದು ಬರೆದಿದ್ದೀರಿ. ಆಟದ ಜೀವ ಇರುವುದು ನೀವು ಬಿಟ್ಟ ಮಾತಿನಲ್ಲಿ. ಎರಡನೆಯ ಚೆಂಡನ್ನು ಮುಟ್ಟುವುದಕ್ಕೆ ಮೊದಲೇ ಕುಶನ್‌ಗೆ ಮೂರು ಬಾರಿ ತಗುಲಿರಬೇಕು. ಆ ಮೂರು ಸ್ಪರ್ಶಗಳು ಮೊದಲ ಚೆಂಡಿಗೆ ತಗುಲುವ ಮುಂಚೆ ಆಗಬಹುದು, ಆಮೇಲೆ ಆಗಬಹುದು, ಹಂಚಿಹೋಗಲೂಬಹುದು. ಒಂದೇ ಕುಶನ್‌ಗೆ ಎರಡು ಸಲ ತಗುಲಿದರೂ ಅದು ಎರಡೆಂದೇ ಲೆಕ್ಕ. ಒಂದು ಹೊಡೆತವನ್ನು ನಿಧಾನವಾಗಿ ಬರೆದು ನೋಡಿ. ಬಿಳಿ ಚೆಂಡು ಹತ್ತಿರದ ಹಳದಿಯ ಅಂಚನ್ನು ಸವರಿಕೊಂಡು ಉದ್ದನೆಯ ಕುಶನ್‌ಗೆ ತಗುಲಿ, ಅಲ್ಲಿಂದ ಗಿಡ್ಡ ಕುಶನ್‌ಗೆ ಹೋಗಿ, ತಿರುಗಿ ಎದುರು ಬದಿಯ ಉದ್ದನೆಯ ಕುಶನ್ ಮುಟ್ಟಿ, ವೇಗವೆಲ್ಲ ಕರಗುತ್ತಾ ಬಂದ ಹೊತ್ತಿನಲ್ಲಿ ಮೂಲೆಯ ಕೆಂಪು ಚೆಂಡಿಗೆ ಬೆರಳು ತಾಗಿಸಿದಷ್ಟೇ ಮೆಲ್ಲಗೆ ತಾಗುತ್ತದೆ. ಇಷ್ಟಕ್ಕೆ ಸಿಗುವುದು ಒಂದು ಪಾಯಿಂಟ್. ವಿಶ್ವ ಚಾಂಪಿಯನ್‌ಶಿಪ್ ಫೈನಲ್‌ನಲ್ಲಿ ಅಂಥ ಐವತ್ತು ಪಾಯಿಂಟ್ ಬೇಕು. ಇದು ಓದುಗರಿಗೆ ಒಮ್ಮೆ ಕಣ್ಣಿಗೆ ಕಟ್ಟಿದರೆ, ಮುಂದೆ ನೀವು ಹೇಳುವ ಪ್ರತಿ ಅಂಕಿಗೂ ಅರ್ಥ ಬರುತ್ತದೆ.

ಈಗ ಆ ಒಳ್ಳೆಯ ಪುಟದ ವಿಷಯ. ಆರನೆಯ ಪುಟದಲ್ಲಿ, ಯಾವ ಪೀಠಿಕೆಯೂ ಇಲ್ಲದೆ, ನೀವು ಹತ್ತು ವರ್ಷದವರಿದ್ದಾಗ ಚಿಕ್ಕಪ್ಪನ ಜೊತೆ ಮಲ್ಲೇಶ್ವರದ ಒಂದು ಕ್ಲಬ್ಬಿಗೆ ಹೋದ ಜುಲೈ ತಿಂಗಳ ಸಂಜೆಯನ್ನು ನೆನೆಯುತ್ತೀರಿ. ಹೊರಗೆ ಜಡಿಮಳೆ. ಒಳಗೆ ವಯಸ್ಸಾದ ಮಾರ್ಕರ್ (ಮೇಜನ್ನು ನೋಡಿಕೊಂಡು ಅಂಕ ಗುರುತಿಸುವವರು) ಒಬ್ಬರು ಮೇಜಿನ ಹಸಿರು ಬಟ್ಟೆಯನ್ನು ಮೊದಲು ಬ್ರಷ್‌ನಿಂದ ಒಂದೇ ದಿಕ್ಕಿಗೆ ಗುಡಿಸಿ, ಆಮೇಲೆ ಇಸ್ತ್ರಿಪೆಟ್ಟಿಗೆ ಹಿಡಿದು ಮೇಜಿನ ಉದ್ದಕ್ಕೂ ನಡೆಯುತ್ತಿದ್ದಾರೆ. ಥಂಡಿ ಹಿಡಿದ ಬಟ್ಟೆಯ ಮೇಲೆ ಚೆಂಡು ಓಡುವುದಿಲ್ಲ ಮಗು ಎಂದು ಅವರು ನಿಮಗೆ ಹೇಳುತ್ತಾರೆ. ಇಡೀ ಲೇಖನದಲ್ಲಿ ಒಬ್ಬ ಮನುಷ್ಯ ಮಾತಾಡುವುದು ಅದೊಂದೇ ಕಡೆ. ಅದನ್ನು ಆರನೆಯ ಪುಟದಲ್ಲಿ ಅಡಗಿಸಿಡಲು ಕಾರಣವೇನಿತ್ತು? ತ್ರೀ ಕುಶನ್ ಮೇಜಿನ ಕಲ್ಲಿನ ಹಾಸನ್ನು ವಿದ್ಯುತ್ತಿನಿಂದ ಬೆಚ್ಚಗಿಡುತ್ತಾರೆ. ಆ ಮಾರ್ಕರ್ ಇಸ್ತ್ರಿಪೆಟ್ಟಿಗೆಯಿಂದ ಓಡಿಸುತ್ತಿದ್ದ ತೇವವನ್ನೇ ಅಲ್ಲಿ ಕಲ್ಲಿನ ಬಿಸಿ ಓಡಿಸುತ್ತದೆ. ಬಟ್ಟೆ ಒಣಗಿದ್ದರೆ ಮಾತ್ರ ಚೆಂಡು ಮೂರು, ನಾಲ್ಕು, ಐದು ಕುಶನ್ ಸುತ್ತಿಯೂ ನಿಲ್ಲದೆ ಉರುಳುತ್ತದೆ. ಮಲ್ಲೇಶ್ವರದಿಂದ ಯುರೋಪಿಗೆ ಹೋಗಲು ಇದಕ್ಕಿಂತ ಒಳ್ಳೆಯ ದಾರಿ ನಿಮಗೆ ಸಿಗಲಾರದು. ಲೇಖನ ಅಲ್ಲಿಂದಲೇ ಶುರುವಾಗಲಿ.

ಇನ್ನು ಚರಿತ್ರೆಯ ಭಾಗ. "1928ರಲ್ಲಿ ಯೂನಿಯನ್ ಮೊಂಡಿಯಾಲ್ ದ ಬಿಲಿಯಾರ್ ಸಂಸ್ಥೆ ಈ ಆಟದ ಮೊಟ್ಟಮೊದಲ ಟೂರ್ನಿಯನ್ನು ನಡೆಸಿತು" ಎಂಬ ನಿಮ್ಮ ಮೊದಲ ವಾಕ್ಯದಲ್ಲಿ ಎರಡು ತಪ್ಪುಗಳಿವೆ. ಬಿಲಿಯರ್ಡ್ಸ್‌ನ ಆ ಜಾಗತಿಕ ಸಂಸ್ಥೆ ಹುಟ್ಟಿದ್ದು 1959ರಲ್ಲಿ. ಫ್ರಾನ್ಸಿನ ರೀಮ್ಸ್‌ನಲ್ಲಿ 1928ರಲ್ಲಿ ನಡೆದು ಈಜಿಪ್ಟಿನ ಎಡ್ಮಂಡ್ ಸೂಸಾ ಗೆದ್ದ ಚಾಂಪಿಯನ್‌ಶಿಪ್ ಅದಕ್ಕಿಂತ ಮೂರು ದಶಕ ಹಿಂದಿನದು. ಆಟದ ಮೊದಲ ಟೂರ್ನಿ ಇನ್ನೂ ಐವತ್ತು ವರ್ಷ ಹಿಂದೆ, 1878ರ ಜನವರಿಯಲ್ಲಿ, ಅಮೆರಿಕದ ಸೇಂಟ್ ಲೂಯಿಸ್ ನಗರದಲ್ಲಿ ನಡೆದು ಲಿಯಾನ್ ಮ್ಯಾಗ್ನಸ್ ಎಂಬವರು ಗೆದ್ದಿದ್ದರು. ಆ ಇಡೀ ಟೂರ್ನಿಯಲ್ಲಿ ಯಾರೊಬ್ಬರೂ ಒಂದು ಸರದಿಯಲ್ಲಿ, ಅಂದರೆ ಹೊಡೆತ ತಪ್ಪುವವರೆಗೆ ಸತತವಾಗಿ ಆಡಿ, ಆರಕ್ಕಿಂತ ಹೆಚ್ಚು ಪಾಯಿಂಟ್ ಗಳಿಸಲಿಲ್ಲ. ಅತ್ಯುತ್ತಮ ಸರಾಸರಿ 0.75, ಅಂದರೆ ನಾಲ್ಕು ಸರದಿಗೆ ಮೂರು ಪಾಯಿಂಟ್. ಇಂದಿನ ಮೇಲ್ಮಟ್ಟದ ಆಟಗಾರರು ನಲವತ್ತು ಪಾಯಿಂಟ್‌ಗಳನ್ನು ಇಪ್ಪತ್ತು ಸರದಿಯಲ್ಲಿ ಮುಗಿಸಿ ಎರಡರ ಸರಾಸರಿ ದಾಖಲಿಸುವುದನ್ನು ಇದರ ಪಕ್ಕದಲ್ಲಿ ಇಟ್ಟು ನೋಡಿ. ಪ್ರಶಸ್ತಿಗಳ ಪಟ್ಟಿಯಲ್ಲಿ ಕಾಣದ ಬೆಳವಣಿಗೆ ಈ ಎರಡು ಸಂಖ್ಯೆಗಳ ನಡುವೆ ಕಾಣುತ್ತದೆ. ನೀವು ಸರಾಸರಿಯ ಮಾತನ್ನು ಒಂದು ಬಾರಿಯೂ ಎತ್ತಿಲ್ಲ.

ಅದಕ್ಕಿಂತ ದೊಡ್ಡ ತೊಡಕು, ಅಮೆರಿಕದ ವಿಲ್ಲಿ ಹೊಪ್ಪೆಯವರನ್ನೂ ಬೆಲ್ಜಿಯಂನ ರೇಮಂಡ್ ಕ್ಯೂಲೆಮಾನ್ಸ್ ಅವರನ್ನೂ ನೀವು ಒಂದೇ ಪಟ್ಟಿಯಲ್ಲಿ ಕೂರಿಸಿರುವುದು. ಹೊಪ್ಪೆ 1940ರಲ್ಲಿ ಇಪ್ಪತ್ತಕ್ಕೆ ಇಪ್ಪತ್ತೂ ಪಂದ್ಯ ಗೆದ್ದು ಪಡೆದದ್ದು ಅಮೆರಿಕದ ವೃತ್ತಿಪರ ಆಟಗಾರರ ವಿಶ್ವ ಪ್ರಶಸ್ತಿ. ಯುರೋಪಿನಲ್ಲಿ ನಡೆಯುತ್ತಿದ್ದ ಚಾಂಪಿಯನ್‌ಶಿಪ್‌ನ ಪರಂಪರೆ ಬೇರೆ. ಎರಡೂ ಕಡೆಯವರು ತಮ್ಮ ಪ್ರಶಸ್ತಿಯನ್ನು ವಿಶ್ವ ಪ್ರಶಸ್ತಿ ಎಂದೇ ಕರೆದರು. ಹಾಗಾದರೆ ನಿಜವಾದ ವಿಶ್ವ ಚಾಂಪಿಯನ್ ಯಾರು ಎಂಬ ಪ್ರಶ್ನೆ ಎದ್ದಿತು. 1986ರಲ್ಲಿ ಬಿಲಿಯರ್ಡ್ಸ್ ವರ್ಲ್ಡ್ ಕಪ್ ಅಸೋಸಿಯೇಷನ್ ಎಂಬ ಸಂಘಟನೆ ವೃತ್ತಿಪರರಿಗಾಗಿ ವರ್ಲ್ಡ್ ಕಪ್ ಸರಣಿಯನ್ನು ಆರಂಭಿಸಿ, ದೀರ್ಘ ಪಂದ್ಯದ ಬದಲು ಹದಿನೈದು ಪಾಯಿಂಟ್‌ಗಳ ಸೆಟ್‌ಗಳನ್ನು ತಂದಾಗ ಅದೇ ಪ್ರಶ್ನೆ ಮತ್ತೆ ಎದ್ದಿತು. 2019ರಲ್ಲಿ ದಕ್ಷಿಣ ಕೊರಿಯಾದಲ್ಲಿ ಪಿಬಿಎ ಎಂಬ ವೃತ್ತಿಪರ ಸರಣಿ ಹುಟ್ಟಿ, 2017ರ ವಿಶ್ವ ಚಾಂಪಿಯನ್ ಫ್ರೆಡೆರಿಕ್ ಕೌಡ್ರೋನ್ ಅಂಥವರು ಅತ್ತ ಹೋದಾಗ, ಯೂನಿಯನ್ ಮೊಂಡಿಯಾಲ್ ದ ಬಿಲಿಯಾರ್ ಅವರನ್ನು ತನ್ನ ಟೂರ್ನಿಗಳಿಂದ ಹೊರಗಿಟ್ಟಿತು. ಪ್ರಶ್ನೆ ಮೂರನೆಯ ಬಾರಿ ಎದ್ದಿತು. ವಿಶ್ವ ಚಾಂಪಿಯನ್ ಎಂದು ಹೇಳುವ ಅಧಿಕಾರ ಯಾರದು? ನಿಮ್ಮ ಲೇಖನಕ್ಕೆ ಬೆನ್ನೆಲುಬಾಗಬಲ್ಲದ್ದು ಈ ಪ್ರಶ್ನೆಯೇ ಎಂದು ನನ್ನ ಖಚಿತ ಅಭಿಪ್ರಾಯ. ಇದನ್ನು ಹಿಡಿದು ಹೊರಟರೆ ಯಾವ ವರ್ಷವನ್ನು ಹೇಳಬೇಕು, ಯಾವುದನ್ನು ಬಿಡಬೇಕು ಎಂಬುದು ತಾನಾಗಿ ತಿಳಿಯುತ್ತದೆ.

ಕ್ಯೂಲೆಮಾನ್ಸ್ ಅವರಿಗೆ ನೀವು "ಅಪ್ರತಿಮ", "ರೋಮಾಂಚಕ", "ಅವಿಸ್ಮರಣೀಯ" ಎಂಬ ಮೂರು ವಿಶೇಷಣಗಳನ್ನು ಒಂದೇ ಪ್ಯಾರಾದಲ್ಲಿ ಕೊಟ್ಟಿದ್ದೀರಿ. ಮೂರನ್ನೂ ತೆಗೆಯಿರಿ. 1963ರಿಂದ 1973ರವರೆಗೆ ಸತತ ಹನ್ನೊಂದು ಬಾರಿ ಗೆದ್ದವರನ್ನು 1974ರಲ್ಲಿ ಜಪಾನಿನ ನೊಬುವಾಕಿ ಕೊಬಯಾಶಿ ತಡೆದರು. ಮರುವರ್ಷವೇ ಪ್ರಶಸ್ತಿಯನ್ನು ಮರಳಿ ಪಡೆದ ಕ್ಯೂಲೆಮಾನ್ಸ್ ಮತ್ತೆ ಆರು ವರ್ಷ ಅದನ್ನು ಬಿಟ್ಟುಕೊಡಲಿಲ್ಲ. 1937ರಲ್ಲಿ ಹುಟ್ಟಿದ ಅವರು ತಮ್ಮ ಇಪ್ಪತ್ತೊಂದನೆಯ ಪ್ರಶಸ್ತಿಯನ್ನು ಗೆದ್ದದ್ದು 2001ರಲ್ಲಿ. ಮೊದಲನೆಯದಕ್ಕೂ ಕೊನೆಯದಕ್ಕೂ ನಡುವೆ ಮೂವತ್ತೆಂಟು ವರ್ಷ. ಇಷ್ಟನ್ನು ಹೇಳಿ ಸುಮ್ಮನಾದರೆ ಸಾಕು, ಓದುಗರು ಆ ವಿಶೇಷಣಗಳನ್ನು ತಾವೇ ಸೇರಿಸಿಕೊಳ್ಳುತ್ತಾರೆ. ಹಾಗೆಯೇ, ಯುರೋಪಿನ ಆಟ ಏಷ್ಯಾಕ್ಕೆ ಬಂದ ಕಥೆಯನ್ನು ನೀವು ಕೊನೆಯ ನಾಲ್ಕು ಸಾಲಿನಲ್ಲಿ ಮುಗಿಸಿಬಿಟ್ಟಿದ್ದೀರಿ. 2014ರಲ್ಲಿ ಸೋಲ್‌ನಲ್ಲಿ ತಮ್ಮ ಜನರ ಎದುರೇ ಗೆದ್ದ ಚೋಯ್ ಸುಂಗ್ ವೊನ್ ಕೊರಿಯಾದ ಮೊದಲ ವಿಶ್ವ ಚಾಂಪಿಯನ್. 2023ರಲ್ಲಿ ಅಂಕಾರಾದಲ್ಲಿ ನಡೆದ ಫೈನಲ್‌ನಲ್ಲಿ ಆಡಿದ ಇಬ್ಬರೂ ವಿಯೆಟ್ನಾಮಿನವರು. ಬಾವ್ ಫುವಾಂಗ್ ವಿನ್ ಗೆದ್ದರು, ಟ್ರಾನ್ ಕ್ವೆಟ್ ಚಿಯೆನ್ ಸೋತರು. ಮರುವರ್ಷ ವಿಯೆಟ್ನಾಮಿನಲ್ಲೇ ಕೊರಿಯಾದ ಚೋ ಮ್ಯುಂಗ್ ವೂ ಗೆದ್ದರು. ಮಹಿಳೆಯರ ವಿಶ್ವ ಚಾಂಪಿಯನ್‌ಶಿಪ್ 2004ರಲ್ಲಿ ಆರಂಭವಾದಾಗ ಮೊದಲು ಗೆದ್ದವರು ಜಪಾನಿನ ಓರಿಯೆ ಹಿಡಾ; ಅವರ ಹೆಸರೇ ನಿಮ್ಮ ಲೇಖನದಲ್ಲಿಲ್ಲ, ಅದು ನನಗೆ ಬೇಸರ ತಂದಿತು.

ಪಂಕಜ್ ಅಡ್ವಾಣಿ ಅವರ ಪ್ರಸ್ತಾಪ ಬೆಂಗಳೂರಿನ ಓದುಗರನ್ನು ಹತ್ತಿರಕ್ಕೆ ಕರೆಯುವ ಒಳ್ಳೆಯ ಉಪಾಯ. ಆದರೆ ಅವರು ತ್ರೀ ಕುಶನ್‌ನಲ್ಲಿ ಗೆಲ್ಲದಿರುವುದಕ್ಕೆ "ಅವಕಾಶಗಳ ಕೊರತೆ" ಕಾರಣ ಎಂದು ನೀವು ಬರೆದದ್ದು ಅವರಿಗೂ ಆಟಕ್ಕೂ ಮಾಡಿದ ಅನ್ಯಾಯ. ಅವರದು ಇಂಗ್ಲಿಷ್ ಬಿಲಿಯರ್ಡ್ಸ್ ಮತ್ತು ಸ್ನೂಕರ್. ಎರಡರಲ್ಲೂ ಪಾಕೆಟ್ ಉಂಟು, ಎರಡರಲ್ಲೂ ಅವರು ವಿಶ್ವ ಪ್ರಶಸ್ತಿ ಗೆದ್ದಿದ್ದಾರೆ. ಇಂಗ್ಲಿಷ್ ಬಿಲಿಯರ್ಡ್ಸ್‌ನಲ್ಲೂ ಇದೇ ಮೂರು ಬಣ್ಣದ ಮೂರು ಚೆಂಡುಗಳಿದ್ದು, ತನ್ನ ಚೆಂಡನ್ನು ಉಳಿದೆರಡಕ್ಕೂ ತಾಗಿಸಿದರೆ ಅಂಕ ಸಿಗುತ್ತದೆ. ಇಂಗ್ಲಿಷ್ ಬಿಲಿಯರ್ಡ್ಸ್‌ಗೂ ತ್ರೀ ಕುಶನ್‌ಗೂ ನೆಂಟಸ್ತಿಕೆ ಇರುವುದು ಅಲ್ಲಿ. ಅದನ್ನು ವಿವರಿಸಿ, ಉಳಿದದ್ದನ್ನು ಹೊಡೆದುಹಾಕಿ.

ಭಾಷೆಯ ಬಗ್ಗೆ ಒಂದು ಮಾತು. ಕುಶನ್‌ಗೆ "ದಿಂಬು", ಕ್ಯೂಗೆ "ದಂಡ", ಚಾಕ್‌ಗೆ "ಸೀಮೆಸುಣ್ಣ" ಎಂದು ಶ್ರಮಪಟ್ಟು ಬರೆದಿದ್ದೀರಿ. ಕನ್ನಡದ ಮೇಲಿನ ನಿಮ್ಮ ಪ್ರೀತಿ ನನಗೆ ಅರ್ಥವಾಗುತ್ತದೆ. ಆದರೆ ನಿಮ್ಮ ಮಾರ್ಕರ್ ಆ ಸಂಜೆ ಆಡಿದ ಕನ್ನಡದಲ್ಲಿ ಕುಶನ್, ಕ್ಯೂ, ಚಾಕ್ ಎಂಬ ಮಾತುಗಳೇ ಇದ್ದಿರಬೇಕು, ಅದರಿಂದ ಅವರ ಕನ್ನಡಕ್ಕೆ ಏನೂ ಕುಂದಾಗಲಿಲ್ಲ. ಗೋಡೆಗೆ ಒರಗಿಸುವ ದಿಂಬಿನಿಂದ ಚೆಂಡು ಪುಟಿದು ಬರುವುದನ್ನು ಓದುಗರು ಕಲ್ಪಿಸಿಕೊಳ್ಳಲಾರರು.

ತಿದ್ದಿದ ಪ್ರತಿಯನ್ನು ಎರಡು ಸಾವಿರ ಪದಗಳ ಒಳಗೆ, ಮುಂದಿನ ತಿಂಗಳ ಹದಿನೈದರೊಳಗೆ ಕಳಿಸಿದರೆ ನಾನೇ ಮತ್ತೆ ಓದುತ್ತೇನೆ. ಗಾಂಧಿ ಬಜಾರ್ ಕಡೆ ಬಂದಾಗ ಕಚೇರಿಗೆ ಬನ್ನಿ, ಎದುರು ಕೂತು ಒಂದೊಂದೇ ಪುಟ ನೋಡೋಣ. ಹಸ್ತಪ್ರತಿಯನ್ನು ಇದರ ಜೊತೆ ಮರಳಿಸಿದ್ದೇನೆ, ಗುರುತುಗಳೆಲ್ಲ ಅಂಚಿನಲ್ಲಿವೆ. ಆರನೆಯ ಪುಟಕ್ಕೆ ಮಾತ್ರ ಪೆನ್ಸಿಲ್ ಮುಟ್ಟಿಸಿಲ್ಲ, ಅದನ್ನು ಇದ್ದ ಹಾಗೆಯೇ ಮೊದಲನೆಯ ಪುಟ ಮಾಡಿ.

ವಿಶ್ವಾಸವಿರಲಿ,
ಸಂಪಾದಕ