ಟೆಕ್ಸಾಸ್‌ನಲ್ಲಿ ನಮ್ಮವರಿಂದ ವೋಟು ಹಾಕಿಸಲು ದೊಡ್ಡ ವಾಟ್ಸಾಪ್ ಗ್ರೂಪ್ ಕಟ್ಟುವುದು ಹೇಗೆ?

ಕಟ್ಟಬೇಡಿ. ಈಗಾಗಲೇ ಕಟ್ಟಿದ್ದರೆ ಅದರಲ್ಲಿ ನೋಂದಣಿ ಲಿಂಕನ್ನಂತೂ ಹಾಕಲೇಬೇಡಿ.

ಡಾಲಸ್ ಸುತ್ತಮುತ್ತ ಸಾವಿರ ಜನರ ಗ್ರೂಪ್ ಮಾಡಿ "ಎಲ್ಲ ಕನ್ನಡಿಗರನ್ನೂ" ಮತಪಟ್ಟಿಗೆ ಸೇರಿಸಬೇಕು ಅಂತ ಬರೆದಿದ್ದೀರಿ. ಓದುತ್ತಿದ್ದಂತೆ 2020ರ ಸೆಪ್ಟೆಂಬರ್ ನೆನಪಾಗಿ ಹೊಟ್ಟೆಯಲ್ಲಿ ಸಂಕಟವಾಯಿತು. ಅದೇ ಉತ್ಸಾಹ, ಹೆಚ್ಚೂಕಡಿಮೆ ಅದೇ ಮಾತು. ಹಾಗಾಗಿ ಯಾವ ಆ್ಯಪ್ ಒಳ್ಳೆಯದು ಅಂತ ಹೇಳುವ ಮೊದಲು ನನ್ನ ಕಥೆ ಹೇಳುತ್ತೇನೆ.

ನಾನಿರುವುದು ಜಾರ್ಜಿಯಾದಲ್ಲಿ, ಅಟ್ಲಾಂಟಾದ ಉತ್ತರಕ್ಕೆ. ಆಲ್ಫರೆಟ್ಟಾ, ಜಾನ್ಸ್ ಕ್ರೀಕ್, ಕಮ್ಮಿಂಗ್, ಈ ಕಡೆ ನಮ್ಮ ಜನ ಜಾಸ್ತಿ. ಆ ವರ್ಷ ಫೆಬ್ರವರಿಯಲ್ಲಿ ನಾನು ಪ್ರಮಾಣವಚನ ತೆಗೆದುಕೊಂಡು ಇಲ್ಲಿನ ಸಿಟಿಜನ್ ಆದೆ. ಹಾಲ್‌ನಿಂದ ಹೊರಗೆ ಬಂದರೆ ಬಾಗಿಲಲ್ಲೇ ಸ್ವಯಂಸೇವಕರು ಟೇಬಲ್ ಹಾಕಿಕೊಂಡು ಕೂತಿದ್ದರು. ಕೈಯಲ್ಲಿ ಪುಟ್ಟ ಬಾವುಟ ಹಿಡಿದುಕೊಂಡೇ ವೋಟರ್ ಫಾರ್ಮ್ ತುಂಬಿದೆ. ಮುಂದಿನ ತಿಂಗಳೇ ಕೋವಿಡ್. ಮಾರ್ಚ್ 18ರಿಂದ ಜೂನ್ 4ರವರೆಗೆ ವಲಸೆ ಇಲಾಖೆಯ ಕಚೇರಿಗಳು ಸಾರ್ವಜನಿಕರಿಗೆ ಮುಚ್ಚಿದ್ದವು. ಮತ್ತೆ ತೆರೆದಾಗ ಸಮಾರಂಭಗಳು ಚಿಕ್ಕದಾಗಿದ್ದವು. ಮೊದಲಿನ ಹಾಗೆ ಟೇಬಲ್ ಹಾಕಿ ಜನ ಸೇರಿಸುವುದು ಸಾಧ್ಯವಿರಲಿಲ್ಲ. ಹಾಗಾದರೆ ಈ ವರ್ಷ ಸಿಟಿಜನ್ ಆದವರಿಗೆ ಯಾರು ಹೇಳುತ್ತಾರೆ ಅಂತ ನನಗೆ ಚಿಂತೆ ಹತ್ತಿತು. ಆ ಟೇಬಲ್ಲನ್ನು ಫೋನಿಗೇ ತರೋಣ ಅಂದುಕೊಂಡೆ.

ಗ್ರೂಪ್ ಮಾಡಿದೆ. ಆಗ ವಾಟ್ಸಾಪ್ ಗ್ರೂಪಿಗೆ 256 ಜನರ ಮಿತಿ. ಯುಗಾದಿ ಊಟದ ಪಟ್ಟಿ, ಮಕ್ಕಳ ಕನ್ನಡ ಕ್ಲಾಸಿನ ಅಪ್ಪ ಅಮ್ಮಂದಿರು, ದೇವಸ್ಥಾನದ ಅಡುಗೆ ಸೇವೆಯವರು, ಗಂಡಸರ ಕ್ರಿಕೆಟ್ ಟೀಮು, ಹೀಗೆ ಎಲ್ಲ ಕಡೆಯಿಂದ ನಂಬರ್ ಸೇರಿಸಿ ನಾಲ್ಕೇ ದಿನದಲ್ಲಿ ಗ್ರೂಪ್ ತುಂಬಿಸಿದೆ. ಆಮೇಲೆ ಈ ಮೆಸೇಜ್ ಹಾಕಿದೆ. ಈಗಲೂ ನನಗೆ ಅದು ಬಾಯಿಪಾಠ.

"ನಮಸ್ಕಾರ. ನಮ್ಮವರೆಲ್ಲರೂ ಅಕ್ಟೋಬರ್ 5ರ ಒಳಗೆ ಈ ಲಿಂಕ್ ಒತ್ತಿ ಮತಪಟ್ಟಿಗೆ ಹೆಸರು ಸೇರಿಸಿ. ಎರಡೇ ನಿಮಿಷದ ಕೆಲಸ. ಮನೆಯವರಿಗೂ ಹೇಳಿ. ತುಂಬಿದವರು ಇಲ್ಲಿ ಹೆಬ್ಬೆರಳು ತೋರಿಸಿ."

ಇದರಲ್ಲಿ ತಪ್ಪೇನಿದೆ ಅನ್ನಿಸುತ್ತದೆ, ಅಲ್ವಾ? ನನಗೂ ಒಂದು ತಿಂಗಳು ಹಾಗೇ ಅನ್ನಿಸಿತ್ತು. ಒಂದೊಂದೇ ಪದ ಬಿಡಿಸಿ ಹೇಳುತ್ತೇನೆ, ದಯವಿಟ್ಟು ಬೇಸರ ಮಾಡಿಕೊಳ್ಳಬೇಡಿ, ಯಾಕೆಂದರೆ ಹಾಳಾದದ್ದೆಲ್ಲ ಇದರಲ್ಲೇ ಇದೆ.

"ನಮ್ಮವರು." ಕನ್ನಡದಲ್ಲಿ ನಮ್ಮವರು ಅಂದರೆ ಯಾರು? ಎಚ್‌ಒನ್‌ಬಿ ಕೆಲಸದ ವೀಸಾದಲ್ಲಿ ಇರುವವನೂ ನಮ್ಮವನೇ, ಗಂಡನ ಜೊತೆ ಬರುವ ಎಚ್‌ಫೋರ್ ವೀಸಾದಲ್ಲಿ ಇರುವ ಅವನ ಹೆಂಡತಿಯೂ ನಮ್ಮವಳೇ, ಓದಲು ಬಂದ ಹುಡುಗ, ಬಾಣಂತನಕ್ಕೆ ಬಂದ ಅಮ್ಮ, ಗ್ರೀನ್ ಕಾರ್ಡಿನ ಮಾವ, ಎಲ್ಲರೂ ನಮ್ಮವರೇ. ವೋಟಿನ ಹಕ್ಕು ಇರುವುದು ಮಾತ್ರ ಸಿಟಿಜನ್ ಆದವರಿಗೆ. ನನ್ನ ಮೆಸೇಜಿನಲ್ಲಿ ಸಿಟಿಜನ್ ಅನ್ನುವ ಪದವೇ ಇರಲಿಲ್ಲ. "ಎಲ್ಲರೂ" ಅಂತ ಬೇರೆ ಒತ್ತಿ ಹೇಳಿದ್ದೆ. "ಮನೆಯವರಿಗೂ ಹೇಳಿ" ಅಂದಿದ್ದರಿಂದ ಅದು ಗ್ರೂಪಿನಲ್ಲಿ ಇಲ್ಲದವರ ಫೋನಿಗೂ ಹೋಯಿತು. "ಎರಡೇ ನಿಮಿಷ" ಅಂದಿದ್ದರಿಂದ ಜನ ನಿಧಾನವಾಗಿ ಓದದೆ ತುಂಬಿದರು. ಹೆಬ್ಬೆರಳು ಕೇಳಿದ್ದಂತೂ ಇನ್ನೂ ತಪ್ಪು. ಪಕ್ಕದ ಮನೆಯವರು ತುಂಬಿದರು ಅಂತ ನೋಡಿದವರಿಗೆ ತಾವೂ ತುಂಬಬೇಕು ಅನ್ನಿಸುತ್ತದೆ. ಎರಡು ದಿನದಲ್ಲಿ ಬಂದ ಹೆಬ್ಬೆರಳುಗಳನ್ನು ನಾನು ಸಂತೋಷದಿಂದ ಎಣಿಸುತ್ತಾ ಕೂತಿದ್ದೆ. ಅವರಲ್ಲಿ ಯಾರು ಸಿಟಿಜನ್, ಯಾರು ಅಲ್ಲ ಅಂತ ಒಬ್ಬರನ್ನೂ ಕೇಳಲಿಲ್ಲ. ಕೇಳುವುದು ಮರ್ಯಾದೆ ಅಲ್ಲ ಅಂತ ಅಂದುಕೊಂಡಿದ್ದೆ.

ನನ್ನ ಗೆಳತಿಯೊಬ್ಬಳ ಅಪ್ಪ ಹಾಸನದ ಕಡೆಯವರು, ರಿಟೈರ್ಡ್ ಮೇಷ್ಟ್ರು. ಮಗಳ ಮೂಲಕ ಗ್ರೀನ್ ಕಾರ್ಡ್ ಆಗಿ ನಾಲ್ಕು ವರ್ಷ ದಾಟಿತ್ತು, ಐದು ತುಂಬುವ ಹೊತ್ತಿಗೆ ಸಿಟಿಜನ್‌ಶಿಪ್‌ಗೆ ಅರ್ಜಿ ಹಾಕುವ ಯೋಚನೆಯಲ್ಲಿದ್ದರು. ಊರಲ್ಲಿ ಪ್ರತಿ ಎಲೆಕ್ಷನ್‌ಗೂ ಡ್ಯೂಟಿ ಮಾಡಿದವರು. ಮಸ್ಟರಿಂಗ್ ಕೇಂದ್ರದಿಂದ ಪೆಟ್ಟಿಗೆ ಹೊತ್ತುಕೊಂಡು ಹೋಗಿ, ಶಾಲೆಯ ಬೆಂಚಿನ ಮೇಲೆ ಮಲಗಿ, ಬೆಳಿಗ್ಗೆ ಏಳಕ್ಕೆ ಬೂತ್ ತೆರೆದವರು. ಮತಪಟ್ಟಿಯಲ್ಲಿ ಹೆಸರಿಲ್ಲ ಅನ್ನುವುದು ಅವರ ಪಾಲಿಗೆ ಅವಮಾನ. ಮಗಳು ನನ್ನ ಮೆಸೇಜನ್ನು ಮನೆಯ ಗ್ರೂಪಿಗೆ ಫಾರ್ವರ್ಡ್ ಮಾಡಿದ್ದಳು. ಅವರು ಮಧ್ಯಾಹ್ನ ಒಬ್ಬರೇ ಕೂತು ಟ್ಯಾಬ್‌ನಲ್ಲಿ ತುಂಬಿದರು. ನೀವು ಅಮೆರಿಕದ ಸಿಟಿಜನ್ನಾ ಅನ್ನುವ ಪ್ರಶ್ನೆ ಫಾರ್ಮಿನಲ್ಲೇ ಇದೆ. ಗ್ರೀನ್ ಕಾರ್ಡ್ ಅಂದರೆ ಖಾಯಂ ನಿವಾಸಿ, ಖಾಯಂ ನಿವಾಸಿಗೆ ವೋಟು ಇದ್ದೇ ಇರುತ್ತದೆ, ಇಲ್ಲದಿದ್ದರೆ ಅಷ್ಟು ಓದಿದ ಹುಡುಗಿ ಎಲ್ಲರೂ ತುಂಬಿ ಅಂತ ಯಾಕೆ ಕಳಿಸುತ್ತಿದ್ದಳು, ಇದು ಅವರ ಲೆಕ್ಕ. ಹೌದು ಅಂತ ಗುರುತು ಹಾಕಿದರು.

ಅಕ್ಟೋಬರ್ ಕೊನೆಯಲ್ಲಿ ಅವರ ಮನೆಗೆ ಪತ್ರ ಬಂತು. ನಿಮ್ಮ ನೋಂದಣಿ ಪೆಂಡಿಂಗ್ ಇದೆ, ಸಿಟಿಜನ್ ಅನ್ನುವುದಕ್ಕೆ ದಾಖಲೆ ಕೊಡಿ ಅಂತ. ಜಾರ್ಜಿಯಾದಲ್ಲಿ ಫಾರ್ಮನ್ನು ಡ್ರೈವರ್ ಲೈಸೆನ್ಸ್ ದಾಖಲೆಗೆ ತಾಳೆ ನೋಡುತ್ತಾರೆ, ಅಲ್ಲಿ ಸಿಟಿಜನ್ ಅಲ್ಲ ಅಂತ ಇದ್ದರೆ ಹೆಸರು ಅಲ್ಲೇ ನಿಲ್ಲುತ್ತದೆ. ಗೆಳತಿ ಫೋನ್ ಮಾಡಿ, "ನಿನ್ನ ಮೆಸೇಜ್ ನೋಡಿ ಅಪ್ಪ ತುಂಬಿಬಿಟ್ಟಿದ್ದಾರೆ ಕಣೇ" ಅಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಹೆದರಿದ್ದಳು.

ವೋಟು ಹಾಕಿಲ್ಲವಲ್ಲ, ಏನಾಗುತ್ತದೆ ಅಂತ ನಾನೂ ಕೇಳಿದೆ. ವಲಸೆ ವಕೀಲರು ಹೇಳಿದ ಮೇಲೆ ಗೊತ್ತಾಯಿತು. ಸಿಟಿಜನ್ ಅಲ್ಲದವರು ಅಮೆರಿಕದ ರಾಷ್ಟ್ರಮಟ್ಟದ ಚುನಾವಣೆಯಲ್ಲಿ ವೋಟು ಹಾಕುವುದು 1996ರ ಕಾನೂನಿನ ಪ್ರಕಾರ ಅಪರಾಧ. ಅದು ಎಷ್ಟೋ ಜನರಿಗೆ ಗೊತ್ತು. ಅದೇ ವರ್ಷದ ವಲಸೆ ಕಾನೂನಿನಲ್ಲಿ ಇನ್ನೊಂದಿದೆ. ತಾನು ಸಿಟಿಜನ್ ಅಂತ ಸುಳ್ಳು ಹೇಳಿಕೊಂಡರೂ ಗ್ರೀನ್ ಕಾರ್ಡ್ ಇರುವವರನ್ನು ದೇಶದಿಂದ ಕಳಿಸಬಹುದು, ವಿನಾಯಿತಿ ತುಂಬಾ ಕಡಿಮೆ. ಫಾರ್ಮಿನ ಆ ಒಂದು ಗುರುತೇ ಸಾಕು. ಸಿಟಿಜನ್‌ಶಿಪ್ ಅರ್ಜಿಯಲ್ಲೂ, ನೀವು ಎಂದಾದರೂ ವೋಟಿಗೆ ನೋಂದಾಯಿಸಿದ್ದೀರಾ ಅಂತ ನೇರವಾಗಿ ಕೇಳುತ್ತಾರೆ. ನೋಂದಣಿ ಹಿಂದೆ ತೆಗೆದುಕೊಳ್ಳುತ್ತೇನೆ ಅಂತ ಬರೆದು ಕೊಡಿ, ಪ್ರತಿ ಇಟ್ಟುಕೊಳ್ಳಿ, ಸಿಟಿಜನ್‌ಶಿಪ್ ಅರ್ಜಿ ಸದ್ಯಕ್ಕೆ ಬೇಡ, ದೇಶ ಬಿಟ್ಟು ಹೊರಗೆ ಹೋಗಲೇಬೇಡಿ ಅಂದರು ವಕೀಲರು.

ಅಂದೇ ಓಡಿಬಂದು ಆ ಮೆಸೇಜ್ ಅಳಿಸಲು ನೋಡಿದೆ. ಎಲ್ಲರ ಫೋನಿನಿಂದಲೂ ಅಳಿಸುವ ಸೌಲಭ್ಯ ಆಗ ಇದ್ದದ್ದು ಕಳಿಸಿ ಒಂದು ಗಂಟೆ ಚಿಲ್ಲರೆಯವರೆಗೆ ಮಾತ್ರ. ತಿಂಗಳಾಗಿತ್ತು. ಅಳಿಸಿದ್ದರೂ ಫಾರ್ವರ್ಡ್ ಆದ ಪ್ರತಿಗಳು ಎಲ್ಲೆಲ್ಲಿ ಕೂತಿದ್ದವೋ. ಆ ರಾತ್ರಿಯಿಂದ ಹೆಬ್ಬೆರಳು ತೋರಿಸಿದ್ದವರಿಗೆ ಒಬ್ಬೊಬ್ಬರಿಗೇ ಫೋನ್ ಮಾಡಿ ಕೇಳಿದೆ. ನನ್ನ ಪುಣ್ಯ, ಬೇರೆ ಯಾರೂ ಹಾಗೆ ಮಾಡಿರಲಿಲ್ಲ. ನನಗೆ ಗೊತ್ತಾದ ಮಟ್ಟಿಗೆ.

2022ರಲ್ಲಿ ಜಾರ್ಜಿಯಾದ ಚುನಾವಣೆ ನೋಡಿಕೊಳ್ಳುವ ಸೆಕ್ರೆಟರಿ ಆಫ್ ಸ್ಟೇಟ್ ಕಚೇರಿ ಮತಪಟ್ಟಿ ಜಾಲಾಡಿ, 25 ವರ್ಷದಲ್ಲಿ ಸಿಟಿಜನ್ ಅಲ್ಲದ 1,634 ಜನ ಹೆಸರು ಸೇರಿಸಲು ನೋಡಿದ್ದರು, ಒಬ್ಬರೂ ಪಟ್ಟಿಗೆ ಸೇರಲಿಲ್ಲ ಅಂತ ಪ್ರಕಟಿಸಿತು. ಟಿವಿಯಲ್ಲಿ ಅದನ್ನು ಮೋಸದ ಸಂಖ್ಯೆ ಅಂತ ಕೆಲವರು ಕೂಗಾಡಿದರು. ನನಗೆ ಕಂಡದ್ದು ಟ್ಯಾಬ್ ಹಿಡಿದು ಕೂತ ಮೇಷ್ಟ್ರು. ಮತ್ತು ಅವರಿಗೆ ಲಿಂಕ್ ಕಳಿಸಿದ ನಾನು.

ಅವರು ಇನ್ನೂ ಭಾರತದ ಪ್ರಜೆ. ಊರಿನ ಪಟ್ಟಿಗೆ ಹೆಸರು ಸೇರಿಸಲು ಫಾರ್ಮ್ 6ಎ ಇದೆ, 2011ರಿಂದ ಹೊರದೇಶದಲ್ಲಿ ಇರುವವರಿಗೂ ಅವಕಾಶ ಕೊಟ್ಟಿದ್ದಾರೆ, ಆದರೆ ವೋಟು ಹಾಕಲು ಖುದ್ದಾಗಿ ಬೂತಿಗೆ ಹೋಗಬೇಕು. 2023ರ ಮೇ 10ರಂದು ಕರ್ನಾಟಕದಲ್ಲಿ ವಿಧಾನಸಭೆಗೆ ಮತದಾನ. ಹೋಗುವ ಹಾಗಿರಲಿಲ್ಲ. ಅದೇ ವರ್ಷ ಅವರ ಅಕ್ಕ ತೀರಿಕೊಂಡರು, ಅದಕ್ಕೂ ಹೋಗಲಾಗಲಿಲ್ಲ. ನಾನು ಕ್ಷಮೆ ಕೇಳಲು ಹೋದಾಗ ಬೈಯಲಿಲ್ಲ. "ಎಷ್ಟು ವರ್ಷ ಬೇರೆಯವರ ಹೆಸರನ್ನ ಪಟ್ಟೀಲಿ ಹುಡುಕಿಕೊಟ್ಟಿದ್ದೀನಿ. ಈಗ ಆ ಕಡೆನೂ ಇಲ್ಲ, ಈ ಕಡೆನೂ ಇಲ್ಲ ಕಣಮ್ಮ" ಅಂದರು. ಗೆಳತಿ ಈಗ ಎದುರು ಸಿಕ್ಕರೆ ನಗುತ್ತಾಳೆ, ಮನೆಗೆ ಬರುವುದಿಲ್ಲ.

ನೀವು ಕೇಳಿದ್ದು ವೋಟು ಹಾಕಿಸುವುದು ಹೇಗೆ ಅಂತ. ಅದನ್ನು ನಾನು ಕಲಿತದ್ದು ಮೇಷ್ಟ್ರಿಗೆ ಆ ಪತ್ರ ಬಂದ ಮೇಲೆಯೇ. 2020ರ ನವೆಂಬರ್ 3ರಂದು ಜಾರ್ಜಿಯಾದಲ್ಲಿ ಅಧ್ಯಕ್ಷ ಸ್ಥಾನದ ಫಲಿತಾಂಶ ನಿಂತದ್ದು 11,779 ವೋಟಿನ ಅಂತರದ ಮೇಲೆ. ಸೆನೆಟ್‌ನ ಎರಡು ಸೀಟಿಗೆ 2021ರ ಜನವರಿ 5ಕ್ಕೆ ಎರಡನೇ ಸುತ್ತಿನ ಚುನಾವಣೆ ಬಂತು. ಕೈಬಿಡಬೇಕು ಅಂದುಕೊಂಡಿದ್ದವಳು ಮತ್ತೆ ಕೂತೆ. ಈ ಸಲ ಗ್ರೂಪ್ ಇಲ್ಲ. ನಾವು ನಾಲ್ಕು ಜನ ಹೆಂಗಸರು, ಒಬ್ಬೊಬ್ಬರಿಗೆ ಹತ್ತು ಹೆಸರು, ಒಂದು ಹಂಚಿಕೊಂಡ ಶೀಟು. ಆಗಲೇ ನೋಂದಣಿ ಫಾರ್ಮ್ ಕೊಟ್ಟಿದ್ದ ಸಿಟಿಜನ್‌ಗಳ ಹೆಸರು ಮಾತ್ರ. ಹೊಸ ನೋಂದಣಿಗೆ ಕೈಯನ್ನೇ ಹಾಕಲಿಲ್ಲ.

ಫೋನ್ ಮಾಡಿ ಕನ್ನಡದಲ್ಲಿ ಮಾತಾಡುತ್ತಿದ್ದೆವು. ವೋಟು ಹಾಕಿ ಅಂತ ಹೇಳುತ್ತಿರಲಿಲ್ಲ. ಯಾವತ್ತು ಹೋಗ್ತೀರಾ, ಎಷ್ಟು ಗಂಟೆಗೆ, ಕಾರು ಯಾರ ಹತ್ತಿರ ಇರುತ್ತದೆ, ಮಗುವನ್ನು ಯಾರು ನೋಡಿಕೊಳ್ಳುತ್ತಾರೆ ಅಂತ ಕೇಳುತ್ತಿದ್ದೆವು. ಡಿಸೆಂಬರ್ 14ರಿಂದ ಮುಂಚಿತ ಮತದಾನ ಇತ್ತು, ಜನವರಿ 5ಕ್ಕೇ ಕಾಯಬೇಕಿಲ್ಲ ಅನ್ನುವುದು ಅರ್ಧ ಜನಕ್ಕೆ ಗೊತ್ತಿರಲಿಲ್ಲ. ಮಾತಾಡುತ್ತಾ ಹೋದ ಹಾಗೆ, ಯಾವ ಗ್ರೂಪಿನಲ್ಲೂ ಯಾರೂ ಬಾಯಿಬಿಡದ ಸಂಗತಿಗಳು ಹೊರಗೆ ಬಂದವು. ಒಬ್ಬರ ಲೈಸೆನ್ಸಿನಲ್ಲಿ ಅಪ್ಪನ ಹೆಸರು ಕೊನೆಗೆ, ಇನ್ನೊಂದು ದಾಖಲೆಯಲ್ಲಿ ಊರಿನ ಹೆಸರು ಕೊನೆಗೆ. ಒಬ್ಬ ಆಂಟಿ ಸಿಟಿಜನ್ ಆಗಿ ಎರಡು ವರ್ಷವಾಗಿದ್ದರೂ ಲೈಸೆನ್ಸ್ ಹಳೆಯ ವೀಸಾ ಕಾಲದ್ದು, ಹಾಗಾಗಿ ಅವರ ಹೆಸರೂ ಪೆಂಡಿಂಗ್. ಅವರ ಸಿಟಿಜನ್‌ಶಿಪ್ ಪ್ರಮಾಣಪತ್ರದ ಪ್ರತಿಯನ್ನು ಕೌಂಟಿಗೆ, ಅಂದರೆ ನಮ್ಮ ಜಿಲ್ಲೆಯಂಥ ಆಡಳಿತದ ಕಚೇರಿಗೆ, ಕೊಟ್ಟು ಸರಿ ಮಾಡಿಸಿದೆವು. ಇನ್ನೊಬ್ಬ ಅಜ್ಜಿಗೆ ಇಂಗ್ಲಿಷ್ ಓದಲು ಬರುವುದಿಲ್ಲ, ನಾಚಿಕೆಯಿಂದ ಹೋಗಿರಲೇ ಇಲ್ಲ. ಓದಲು ಬಾರದವರು ತಮಗೆ ಬೇಕಾದವರನ್ನು ಸಹಾಯಕ್ಕೆ ಕರೆದುಕೊಂಡು ಹೋಗಬಹುದು ಅಂತ 1982ರಿಂದ ಕಾನೂನೇ ಇದೆ, ಕೆಲಸ ಕೊಟ್ಟ ಮಾಲೀಕರು ಮತ್ತು ಯೂನಿಯನ್ನಿನವರನ್ನು ಬಿಟ್ಟು. ಮಗಳ ಜೊತೆ ಹೋಗಿಬಂದರು. ವೋಟು ಹಾಕಿದವರಿಗೆ ಕೊಡುವ ಪೀಚ್ ಹಣ್ಣಿನ ಸ್ಟಿಕ್ಕರ್ ಸೀರೆಯ ಸೆರಗಿಗೆ ಅಂಟಿಸಿಕೊಂಡ ಫೋಟೋ ಕಳಿಸಿದರು. ನನ್ನ ಹತ್ತರಲ್ಲಿ ಒಂಬತ್ತು ಜನ ಹಾಕಿದರು. ನೂರು ಹೆಬ್ಬೆರಳಿಗಿಂತ ಅದು ದೊಡ್ಡದು ಅಂತ ನಾನು ಖಂಡಿತವಾಗಿ ಹೇಳುತ್ತೇನೆ.

ಇನ್ನು ನಿಮ್ಮ ಟೆಕ್ಸಾಸ್. ಅಲ್ಲಿ ಲಿಂಕ್ ಒತ್ತಿ ಹೆಸರು ಸೇರಿಸುವ ವ್ಯವಸ್ಥೆಯೇ ಇಲ್ಲ, ಆನ್‌ಲೈನ್‌ನಲ್ಲಿ ಲೈಸೆನ್ಸ್ ನವೀಕರಿಸುವ ಸಂದರ್ಭ ಬಿಟ್ಟರೆ. ಕಾಗದದ ಫಾರ್ಮಿಗೆ ಸಹಿ ಹಾಕಿ ಚುನಾವಣೆಗೆ 30 ದಿನ ಮುಂಚೆ ಕಳಿಸಬೇಕು. ಬೇರೆಯವರು ತುಂಬಿದ ಫಾರ್ಮನ್ನು ನೀವು ಸಂಗ್ರಹಿಸಿ ಕೊಡಬೇಕಾದರೆ ಕೌಂಟಿಯಿಂದ ವಾಲಂಟಿಯರ್ ಡೆಪ್ಯುಟಿ ರಿಜಿಸ್ಟ್ರಾರ್ ಅಂತ ನೇಮಕವಾಗಿರಬೇಕು. ಹಾಗಾಗಿ ಸಾವಿರ ಜನರ ಗ್ರೂಪಿನಿಂದ ನಿಮಗೆ ಆಗುವ ಕೆಲಸ ತುಂಬಾ ಕಡಿಮೆ. ಇನ್ನೊಂದು, 2019ರ ಜನವರಿಯಲ್ಲಿ ನಿಮ್ಮ ರಾಜ್ಯ ಸುಮಾರು 95,000 ಮತದಾರರು ಸಿಟಿಜನ್ ಅಲ್ಲದೆ ಇರಬಹುದು ಅಂತ ಪಟ್ಟಿ ಮಾಡಿತ್ತು. ಹಳೆಯ ಲೈಸೆನ್ಸ್ ದಾಖಲೆ ನಂಬಿ ಮಾಡಿದ್ದು, ಎಷ್ಟೋ ಜನ ಆ ಹೊತ್ತಿಗೆ ಸಿಟಿಜನ್ ಆಗಿಬಿಟ್ಟಿದ್ದರು. ಕೋರ್ಟಿಗೆ ಹೋದ ಮೇಲೆ ಅದನ್ನು ಕೈಬಿಟ್ಟರು. ಅಂಥ ಪಟ್ಟಿಯಲ್ಲಿ ಸಿಕ್ಕಿ, ಸಿಟಿಜನ್ ಅನ್ನುವುದಕ್ಕೆ ದಾಖಲೆ ಕೊಡಿ ಅಂತ ಪತ್ರ ಬಂದಾಗ ನಮ್ಮವರು ಹೆದರಿ ಸುಮ್ನೆ ಕೂತುಬಿಡುತ್ತಾರೆ. ನಿಮ್ಮ ಶಕ್ತಿಯನ್ನು ಅಲ್ಲಿ ಹಾಕಿ. ಪತ್ರ ಬಂದವರ ಪಕ್ಕದಲ್ಲಿ ಕೂತು ಓದಿ ಹೇಳುವ ಒಬ್ಬರು ಬೇಕು.

ಸಿಟಿಜನ್ನಾ ಅಂತ ಕೇಳುವುದಕ್ಕೆ ಸಂಕೋಚ ಪಡಬೇಡಿ. ಮುಖಕ್ಕೆ ಮುಖ ಅಥವಾ ಫೋನಿನಲ್ಲಿ, ಒಬ್ಬೊಬ್ಬರನ್ನೇ ಕೇಳಿ. ಅಲ್ಲ ಅಂದರೆ ಅವರ ಮುಂದೆ ಫಾರ್ಮ್ ಇಡಬೇಡಿ, ಅಷ್ಟೇ. ಅವರು ಫೋನ್ ಮಾಡಲು, ಮಕ್ಕಳನ್ನು ನೋಡಿಕೊಳ್ಳಲು, ಕಾರು ಓಡಿಸಲು ಬರಬಹುದು.

ನಿಮ್ಮ ಕೌಂಟಿಯ ಚುನಾವಣಾ ಕಚೇರಿಗೆ ಈ ವಾರವೇ ಫೋನ್ ಮಾಡಿ, ಆ ರಿಜಿಸ್ಟ್ರಾರ್ ತರಬೇತಿ ಯಾವಾಗ ಅಂತ ಕೇಳಿ. ಆಮೇಲೆ ನಿಮಗೆ ಚೆನ್ನಾಗಿ ಗೊತ್ತಿರುವ, ಸಿಟಿಜನ್ ಆಗಿರುವ ಹತ್ತು ಜನರ ಹೆಸರು ಬರೆಯಿರಿ. ಬರೆದಾದ ಮೇಲೆ ಇಲ್ಲೇ ಕೆಳಗೆ ತಿಳಿಸಿ. ನಾವು ಬಳಸುವ ಶೀಟಿನಲ್ಲಿ ಯಾವ ಯಾವ ಕಾಲಂ ಇದೆ ಅಂತ ಬರೆದು ಕಳಿಸುತ್ತೇನೆ.