ಜಾತ್ರೆ, ನಾಟಕ, ಮದುವೆಗಳ ಮೈಕ್‌ಸೆಟ್‌ಗೆ ಅನಲಾಗ್ ಮಿಕ್ಸರ್ ಸಾಕೇ, ಡಿಜಿಟಲ್‌ಗೆ ಹೋಗಬೇಕೇ?

ಜಮಖಂಡಿಯ ಸುತ್ತಮುತ್ತ ಮೈಕ್‌ಸೆಟ್ ಬಾಡಿಗೆಗೆ ಕೊಡುವ ನೀವು, ಸದ್ಯ ಬಳಸುತ್ತಿರುವ 16 ಚಾನೆಲ್‌ಗಳ ಅನಲಾಗ್ ಮಿಕ್ಸರ್ (ಹಲವು ಮೈಕ್‌ಗಳ ಧ್ವನಿಯನ್ನು ಬೆರೆಸಿ ಸ್ಪೀಕರ್‌ಗಳಿಗೆ ಕಳಿಸುವ ಯಂತ್ರ) ಬಿಟ್ಟು ಡಿಜಿಟಲ್ ಕೊಳ್ಳಬೇಕೇ ಎಂದು ಕೇಳಿದ್ದೀರಿ. ಅನಲಾಗ್ ಧ್ವನಿಯೇ ಇಂಪು ಎಂದು ಕೆಲವರು, ಕರೆಂಟ್ ಹೋದರೆ ಡಿಜಿಟಲ್ ಕೈಕೊಡುತ್ತದೆ ಎಂದು ಇನ್ನು ಕೆಲವರು ಹೇಳಿದ್ದರಿಂದ ಗೊಂದಲವಾಗಿದೆ ಎಂದೂ ಬರೆದಿದ್ದೀರಿ. ವಿಜಯಪುರ, ಬಾಗಲಕೋಟೆ ಜಿಲ್ಲೆಗಳಲ್ಲಿ ಎರಡೂ ಬಗೆಯ ಮಿಕ್ಸರ್‌ಗಳ ಮುಂದೆ ಕೂತು ಕೆಲಸ ಮಾಡುವವನಾಗಿ ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಮದುವೆ, ಸಭೆ, ಭಜನೆಗಳಷ್ಟೇ ನಿಮ್ಮ ಕೆಲಸವಾಗಿದ್ದರೆ ಹೊಸದು ಬೇಡ. ಆದರೆ ಕಂಪನಿ ನಾಟಕ ಮತ್ತು ಶ್ರೀಕೃಷ್ಣ ಪಾರಿಜಾತ ಬಯಲಾಟದ ಮೇಳಗಳ ಕೆಲಸವೇ ಹೆಚ್ಚು ಎಂದು ನೀವೇ ಹೇಳಿರುವುದರಿಂದ ಡಿಜಿಟಲ್ ಕೊಳ್ಳಿರಿ. ಇದಕ್ಕೆ ಕಾರಣ ಧ್ವನಿಯ ಇಂಪಲ್ಲ, ವೇದಿಕೆಯ ಮೇಲಿನ ಮಾನಿಟರ್‌ಗಳು, ಎಂದರೆ ಕಲಾವಿದರು ತಮ್ಮ ಹಾಡು, ವಾದ್ಯಗಳನ್ನು ಕೇಳಿಸಿಕೊಳ್ಳಲು ಅವರತ್ತ ಮುಖಮಾಡಿ ಇಡುವ ಸ್ಪೀಕರ್‌ಗಳು.

ಇಂಪಿನ ಮಾತನ್ನು ಬೇಗ ಮುಗಿಸುತ್ತೇನೆ. ಬಯಲಿನಲ್ಲಿ, ತಗಡಿನ ಶೆಡ್ಡಿನಲ್ಲಿ ಅಥವಾ ಕಲ್ಯಾಣ ಮಂಟಪದಲ್ಲಿ ಕೇಳುಗರ ಕಿವಿಗೆ ಏನು ತಲುಪುತ್ತದೆ ಎಂಬುದನ್ನು ನಿರ್ಧರಿಸುವುದು ಮೈಕ್ ಯಾವುದು, ಅದು ಬಾಯಿಗೆ ಎಷ್ಟು ಹತ್ತಿರವಿದೆ, ಸ್ಪೀಕರ್ ಎಲ್ಲಿ ನಿಂತಿದೆ, ಗಾಳಿ ಯಾವ ಕಡೆಗೆ ಬೀಸುತ್ತಿದೆ ಎಂಬ ಸಂಗತಿಗಳೇ ಹೊರತು ಮಿಕ್ಸರ್‌ನ ಜಾತಿಯಲ್ಲ. ಡಿಜಿಟಲ್‌ನಲ್ಲಿ ಧ್ವನಿ ತಡವಾಗಿ ಬರುತ್ತದೆ ಎಂಬ ದೂರೂ ಇದೆ. ಇಂದಿನ ಮಿಕ್ಸರ್‌ಗಳಲ್ಲಿ ಆ ತಡ ಒಂದು ಮಿಲಿಸೆಕೆಂಡಿನ ಆಸುಪಾಸಿನದು, ಅಷ್ಟು ಹೊತ್ತಿನಲ್ಲಿ ಧ್ವನಿ ಗಾಳಿಯಲ್ಲಿ ಸಾಗುವುದು ಸುಮಾರು 34 ಸೆಂಟಿಮೀಟರ್ ಮಾತ್ರ. ಗಾಯಕರು ಮಾನಿಟರಿನಿಂದ ಒಂದು ಹೆಜ್ಜೆ ಹಿಂದೆ ಸರಿದರೆ ಅದಕ್ಕಿಂತ ಹೆಚ್ಚು ತಡವಾಗುತ್ತದೆ.

ನಿಜವಾದ ವ್ಯತ್ಯಾಸವಿರುವುದು ಮಿತಿ ಮೀರಿದಾಗ. ಅನಲಾಗ್‌ನಲ್ಲಿ ಕೆಂಪು ದೀಪ ಆಗಾಗ ಮಿನುಗಿದರೂ ಧ್ವನಿ ಸ್ವಲ್ಪ ಸ್ವಲ್ಪವಾಗಿಯೇ ಕೆಡುತ್ತದೆ, ಬಹಳಷ್ಟು ಸಲ ಯಾರಿಗೂ ತಿಳಿಯುವುದಿಲ್ಲ. ಡಿಜಿಟಲ್‌ನಲ್ಲಿ ಮೀಟರಿನ ತುದಿಯ ಸೊನ್ನೆ ಡೆಸಿಬಲ್ ಎಂದರೆ ಗೋಡೆ. ಅದನ್ನು ಮುಟ್ಟಿದ ಕೂಡಲೇ ಅಲೆಯ ತಲೆ ಕತ್ತರಿಸಿಹೋಗಿ ಕರ್ಕಶ ಶಬ್ದ ಬರುತ್ತದೆ. ಆದ್ದರಿಂದ ಸಾಮಾನ್ಯ ಮಾತು ಮೈನಸ್ 18 ಡೆಸಿಬಲ್‌ನ ಸುತ್ತ ನಿಲ್ಲುವಂತೆ ಗೇನ್ (ಮೈಕ್‌ನಿಂದ ಬರುವ ಧ್ವನಿಯನ್ನು ಏರಿಸುವ ಮಟ್ಟ) ಇಟ್ಟುಕೊಳ್ಳಬೇಕು. ನಾಟಕದ ಖಳನಾಯಕ ಯಾವ ಗಳಿಗೆಯಲ್ಲಿ ಅಬ್ಬರಿಸುತ್ತಾನೆ ಎಂಬುದು ಮೊದಲೇ ತಿಳಿಯದ ಕಾರಣ, ಮೇಲೆ ಆ ಜಾಗವನ್ನು ಖಾಲಿ ಬಿಡುವುದು ಅಗತ್ಯ. ಹಳೆಯ ಕೈಗಳಿಗೆ ರೂಢಿಯಾಗಲು ಸ್ವಲ್ಪ ಕಾಲ ಹಿಡಿಯುತ್ತದೆ.

ಇನ್ನು ಮಾನಿಟರ್‌ಗಳ ವಿಷಯ. ಪಾರಿಜಾತದ ಮೇಳವನ್ನೇ ತೆಗೆದುಕೊಳ್ಳಿ. ಪೇಟಿ (ಹಾರ್ಮೋನಿಯಂ) ನುಡಿಸುವವರಿಗೆ ಪಾತ್ರಧಾರಿಯ ಹಾಡು ಸ್ಪಷ್ಟವಾಗಿ ಬೇಕು, ತಬಲಾದವರಿಗೆ ಪೇಟಿ ಬೇಕು, ಗೆಜ್ಜೆ ಕಟ್ಟಿ ಮುಂದೆ ನಿಂತ ಪಾತ್ರಧಾರಿಗೆ ಶ್ರುತಿ ಕೇಳಿಸಬೇಕು, ಹಿಂದಿನ ಹಿಮ್ಮೇಳದವರಿಗೆ ಎಲ್ಲವೂ ಬೇಕು. ಎಂದರೆ ವೇದಿಕೆಯ ಮೇಲೆ ನಾಲ್ಕು ಬೇರೆ ಬೇರೆ ಮಿಶ್ರಣಗಳು ಬೇಕಾಗುತ್ತವೆ. ನಿಮ್ಮ ದರ್ಜೆಯ ಅನಲಾಗ್ ಮಿಕ್ಸರ್‌ಗಳಲ್ಲಿ ಸಾಮಾನ್ಯವಾಗಿ ಎರಡರಿಂದ ನಾಲ್ಕು ಆಕ್ಸ್ (ಬೇರೆ ಮಿಶ್ರಣವನ್ನು ಹೊರಗೆ ಕಳಿಸುವ ದಾರಿ) ಇರುತ್ತವೆ, ಅದರಲ್ಲಿ ಒಂದು ಎಕೋಗೆ ಹೋಗುತ್ತದೆ. ಉಳಿದುದನ್ನು ಎಲ್ಲರಿಗೂ ಹಂಚಿದಾಗ, ಪೇಟಿ ಹೆಚ್ಚಿಸಿ ಎಂದು ತಬಲಾದವರು ಕೈಸನ್ನೆ ಮಾಡಿದರೆ ಮುಂದಿನ ಮಾನಿಟರಿನಲ್ಲೂ ಪೇಟಿ ಏರುತ್ತದೆ, ಅಲ್ಲಿ ಮೈಕ್ ಸೀಟಿ ಹೊಡೆಯುತ್ತದೆ, ಅದನ್ನು ತಡೆಯಲು ನೀವು ಇಳಿಸಿದರೆ ತಬಲಾದವರ ಮುಖ ಮತ್ತೆ ಸಿಂಡರಿಸುತ್ತದೆ. ಈ ಜಗ್ಗಾಟವನ್ನು ಯಾವ ದುಬಾರಿ ಸ್ಪೀಕರೂ ಬಗೆಹರಿಸಲಾರದು.

ಕೆಳದರ್ಜೆಯ ಡಿಜಿಟಲ್ ಮಿಕ್ಸರಿನಲ್ಲೂ ಈ ಅನುಕೂಲ ಎಷ್ಟಿದೆ ನೋಡಿ. ಬೆರಿಂಜರ್ ಕಂಪನಿಯ ಎಕ್ಸ್‌ಆರ್18 ಎಂಬ ಸಣ್ಣ ಪೆಟ್ಟಿಗೆಯಲ್ಲೇ ಆರು ಆಕ್ಸ್ ಔಟ್‌ಪುಟ್‌ಗಳಿವೆ. 2012ರಲ್ಲಿ ಬಂದು ಈ ಬಗೆಯ ಮಿಕ್ಸರ್‌ಗಳನ್ನು ಸಣ್ಣ ಬಾಡಿಗೆದಾರರ ಕೈಗೂ ಎಟುಕಿಸಿದ ಅದೇ ಕಂಪನಿಯ ಎಕ್ಸ್32ರಲ್ಲಿ ಇಂಥ ಬೇರೆ ಬೇರೆ ಮಿಶ್ರಣಗಳಿಗೆ 16 ಮಿಕ್ಸ್ ಬಸ್‌ಗಳಿವೆ. ಅದಕ್ಕಿಂತ ಮುಖ್ಯವೆಂದರೆ ಪ್ರತಿಯೊಂದು ಔಟ್‌ಪುಟ್‌ಗೂ ಅದರದೇ ಈಕ್ವಲೈಸರ್ ಇದೆ, ಆದ್ದರಿಂದ ಯಾವ ಮಾನಿಟರಿನಲ್ಲಿ ಯಾವ ಕಂಪನಾಂಕ ಕೂಗುತ್ತದೆಯೋ ಅದನ್ನು ಅಲ್ಲಿ ಮಾತ್ರ ಕತ್ತರಿಸಬಹುದು. ಇದನ್ನೇ ಅನಲಾಗ್‌ನಲ್ಲಿ ಸಾಧಿಸಬೇಕಾದರೆ ಪ್ರತಿ ಸಾಲಿಗೂ 31 ಬ್ಯಾಂಡ್‌ಗಳ ಈಕ್ವಲೈಸರ್, ಮುಖ್ಯ ಮೈಕ್‌ಗಳಿಗೆ ಅಬ್ಬರದ ಧ್ವನಿಯನ್ನು ತಾನಾಗಿ ತಗ್ಗಿಸುವ ಕಂಪ್ರೆಸರ್, ಇವನ್ನೆಲ್ಲ ಇಡಲು ರ‍್ಯಾಕ್, ಜೋಡಿಸಲು ಕೇಬಲ್‌ಗಳ ಗಂಟು ಬೇಕು. ಲೆಕ್ಕ ಹಾಕಿ ನೋಡಿದರೆ ಅಗ್ಗವೆನಿಸಿದ ಅನಲಾಗ್ ಅಷ್ಟು ಅಗ್ಗವಾಗಿ ಉಳಿಯುವುದಿಲ್ಲ.

ಕಂಪನಿ ನಾಟಕಕ್ಕೆ ಇನ್ನೊಂದು ಲಾಭವಿದೆ. ವೇದಿಕೆಯ ಮುಂದೆ ತೂಗುಬಿಟ್ಟ ಮೈಕ್‌ಗಳೆಲ್ಲ ಸದಾ ತೆರೆದೇ ಇರುತ್ತವೆ. ತೆರೆದ ಮೈಕ್‌ಗಳ ಸಂಖ್ಯೆ ಇಮ್ಮಡಿಯಾದಾಗಲೆಲ್ಲ, ಕೂಗು ಶುರುವಾಗುವ ಮುನ್ನ ನಿಮಗೆ ಸಿಗುವ ಏರಿಕೆ 3 ಡೆಸಿಬಲ್‌ನಷ್ಟು ಕುಗ್ಗುತ್ತದೆ. ಒಂದರ ಬದಲು ಎಂಟು ಮೈಕ್ ತೆರೆದರೆ 9 ಡೆಸಿಬಲ್ ಹೋಯಿತು. ಮಾತಿರುವ ಮೈಕನ್ನು ಏರಿಸಿ ಉಳಿದವನ್ನು ತಾನಾಗಿ ಇಳಿಸುವ ಆಟೊಮಿಕ್ಸ್ ವಿಧಾನವನ್ನು ಅಮೆರಿಕದ ಡ್ಯಾನ್ ಡ್ಯೂಗನ್ 1970ರ ದಶಕದಲ್ಲಿ ರೂಪಿಸಿದರು, ಆಗ ಅದು ಪ್ರತ್ಯೇಕ ಯಂತ್ರವಾಗಿತ್ತು. ಈಗ ಅದೇ ಮಾದರಿಯ ಸೌಲಭ್ಯ ಎಕ್ಸ್‌ಆರ್18ರೊಳಗೇ ಬರುತ್ತದೆ. ಹಾಗೆಯೇ ತಗ್ಗಿನ ಕಂಪನಾಂಕಗಳನ್ನು ಕತ್ತರಿಸುವ ಲೋ ಕಟ್. ಅನಲಾಗ್‌ನಲ್ಲಿ ಅದು 80 ಅಥವಾ 100 ಹರ್ಟ್ಸ್‌ಗೆ ಬಿಗಿದ ಒಂದೇ ಗುಂಡಿ. ಡಿಜಿಟಲ್‌ನಲ್ಲಿ ಬೇಕಾದಷ್ಟು ಮೇಲೇರಿಸಿ ಹಲಗೆಯ ವೇದಿಕೆಯ ಮೇಲಿನ ಕುಣಿತದ ಧಡಧಡವನ್ನೂ ಗಾಳಿಯ ಸದ್ದನ್ನೂ ಕಳೆಯಬಹುದು.

ಸೀನ್, ಎಂದರೆ ಮಿಕ್ಸರಿನ ಇಡೀ ಹೊಂದಾಣಿಕೆಯನ್ನು, ಉಳಿಸಿಕೊಳ್ಳುವ ಸೌಲಭ್ಯವನ್ನು ಮಾರುವವರು ಬಹಳ ಹೊಗಳುತ್ತಾರೆ. ಬಾದಾಮಿಯ ಬನಶಂಕರಿ ಜಾತ್ರೆಯಲ್ಲಿ ನಾಟಕದ ಕಂಪನಿಗಳು ವಾರಗಟ್ಟಲೆ ಠಿಕಾಣಿ ಹೂಡಿದಾಗ, ನಡುವೆ ಒಂದು ದಿನ ಮಿಕ್ಸರನ್ನು ಮದುವೆಗೆ ಒಯ್ದು ಸಂಜೆ ಮರಳಿ ತಂದರೂ ನಿನ್ನೆಯ ಹೊಂದಾಣಿಕೆ ಒಂದೇ ಗುಂಡಿಯಲ್ಲಿ ಬರುತ್ತದೆ ಎಂಬುದು ನಿಜ. ಊರು, ಶೆಡ್ಡು, ಸ್ಪೀಕರ್ ಬದಲಾದರೆ ಮಾತ್ರ ಹಳೆಯ ಸೀನ್ ಆರಂಭಕ್ಕಷ್ಟೇ ಉಪಯೋಗ. ಮಾನಿಟರ್‌ಗಳ ಈಕ್ವಲೈಸರನ್ನು ಹೊಸದಾಗಿ ಮಾಡಲೇಬೇಕು.

ಅನಲಾಗ್‌ನ ಪರವಾಗಿ ಬಲವಾದ ವಾದವೊಂದಿದೆ, ಅದನ್ನು ಯಾರೂ ನಿಮಗೆ ಹೇಳಿದಂತಿಲ್ಲ. ಅದರಲ್ಲಿ ಒಂದು ಗುಂಡಿಗೆ ಒಂದೇ ಕೆಲಸ, ಎಲ್ಲವೂ ಕಣ್ಣೆದುರಿಗೇ ಇರುತ್ತದೆ. ನೀವು ಇನ್ನೊಂದು ಕಾರ್ಯಕ್ರಮಕ್ಕೆ ಹೋದಾಗ ನಿಮ್ಮ ಹುಡುಗರು ಅದನ್ನು ನಿಭಾಯಿಸಬಲ್ಲರು. ಡಿಜಿಟಲ್‌ನಲ್ಲಿ ಅದೇ ಫೇಡರ್ (ಧ್ವನಿ ಏರಿಳಿಸುವ ಜಾರುಗುಂಡಿ) ಒಂದು ಪದರದಲ್ಲಿ ಮೈಕ್, ಇನ್ನೊಂದರಲ್ಲಿ ಎಫೆಕ್ಟ್. ಮಾನಿಟರಿಗೆ ಕಳಿಸುವ ಕ್ರಮವನ್ನು ಫೇಡರ್ ಮೇಲೆ ತಂದು ಮರಳಿ ಬದಲಿಸದೆ ಬಿಟ್ಟರೆ, ಜನರಿಗಾಗಿ ಏರಿಸಿದ ಧ್ವನಿಯೆಲ್ಲ ಮಾನಿಟರಿಗೆ ಹೋಗಿ ಕೂಗು ಏಳುತ್ತದೆ. ಹುಡುಗರಿಗೆ ಕಲಿಸಲು ನಿಮಗೆ ಪುರುಸೊತ್ತಿಲ್ಲದಿದ್ದರೆ ಈ ವರ್ಷ ಕೊಳ್ಳಬೇಡಿ.

ಎಕ್ಸ್‌ಆರ್18ರ ಅನುಕೂಲಗಳನ್ನು ಹೇಳಿದೆನಾದರೂ ಫೇಡರ್‌ಗಳೇ ಇಲ್ಲದ, ಟ್ಯಾಬ್ಲೆಟ್‌ನಿಂದಷ್ಟೇ ನಡೆಯುವ ಮಿಕ್ಸರನ್ನು ನಿಮಗೆ ಸೂಚಿಸಲಾರೆ. ಮಧ್ಯಾಹ್ನ ಚೆನ್ನಾಗಿ ನಡೆದ ವೈಫೈ, ಸಂಜೆ ಸಾವಿರಾರು ಮೊಬೈಲ್‌ಗಳು ಬಂದು ಕೂತಾಗ 2.4 ಗಿಗಾಹರ್ಟ್ಸ್‌ನಲ್ಲಿ ತಡವರಿಸುತ್ತದೆ. ಬೇಸಿಗೆಯದು ಬೇರೆ ತೊಂದರೆ. ಐಪ್ಯಾಡನ್ನು 35 ಡಿಗ್ರಿಯವರೆಗಿನ ಸೆಕೆಯಲ್ಲಿ ಬಳಸಬೇಕೆಂದು ಆಪಲ್ ಹೇಳುತ್ತದೆ, ನಮ್ಮಲ್ಲಿ ಏಪ್ರಿಲ್‌ನ ನೆರಳೂ ಅದಕ್ಕಿಂತ ಬಿಸಿ. ಟ್ಯಾಬ್ಲೆಟ್ ಬಳಸುವುದೇ ಆದರೆ 5 ಗಿಗಾಹರ್ಟ್ಸ್‌ನ ಸ್ವಂತ ರೌಟರ್ ಇರಲಿ, ಜೊತೆಗೆ ಲ್ಯಾಪ್‌ಟಾಪಿಗೆ ಒಂದು ಲ್ಯಾನ್ ಕೇಬಲ್ ಎಳೆದಿರಲಿ.

ಕರೆಂಟಿನ ಭಯ ಸಕಾರಣವಾದುದು, ಆದರೆ ಪರಿಹಾರ ಸುಲಭ. ಜನರೇಟರಿಗೆ ಬದಲಾಯಿಸುವಾಗ ಕಣ್ಣು ಮಿಟುಕಿಸುವಷ್ಟು ಹೊತ್ತು ಕರೆಂಟ್ ಹೋದರೂ ಡಿಜಿಟಲ್ ಮಿಕ್ಸರ್ ಮೊದಲಿನಿಂದ ಶುರುವಾಗಬೇಕಾಗುತ್ತದೆ, ಅನಲಾಗ್ ತಕ್ಷಣ ಮಾತಾಡುತ್ತದೆ. ಎಕ್ಸ್32ರಷ್ಟು ದೊಡ್ಡ ಮಿಕ್ಸರೂ 120 ವ್ಯಾಟ್‌ನ ಆಸುಪಾಸಿನಲ್ಲೇ ನಡೆಯುವುದರಿಂದ ಕಂಪ್ಯೂಟರಿಗೆ ಬಳಸುವ ಸಾಧಾರಣ ಯುಪಿಎಸ್ ಸಾಕು. ಅದಕ್ಕೆ ಮಿಕ್ಸರ್, ಸ್ಟೇಜ್ ಬಾಕ್ಸ್ (ವೇದಿಕೆಯ ಬಳಿ ಮೈಕ್‌ಗಳನ್ನು ಚುಚ್ಚುವ ಪೆಟ್ಟಿಗೆ), ರೌಟರ್ ಮಾತ್ರ ಜೋಡಿಸಿ, ಆಂಪ್ಲಿಫೈಯರ್ ಬೇಡ. ರಿಪೇರಿಯ ವಿಷಯದಲ್ಲಿ ಅನಲಾಗೇ ಮೇಲು. ಅಲ್ಲಿ ಒಂದು ಚಾನೆಲ್ ಕೆಟ್ಟರೆ ಪಕ್ಕದ್ದರಲ್ಲಿ ಕೆಲಸ ಸಾಗುತ್ತದೆ, ಡಿಜಿಟಲ್‌ನಲ್ಲಿ ಮುಖ್ಯ ಬೋರ್ಡ್ ಕೆಟ್ಟರೆ ಇಡೀ ಮಿಕ್ಸರ್ ಸರ್ವಿಸ್ ಕೇಂದ್ರಕ್ಕೆ ಹೋಗಬೇಕು.

ಕೊಳ್ಳುವಾಗ ಹೆಸರಿನ ಮುಂದಿನ ಅಂಕಿಯನ್ನು ನಂಬದೆ ಹಿಂಬದಿಯ ಸಾಕೆಟ್‌ಗಳನ್ನು ಎಣಿಸಿ. ಎಕ್ಸ್32 ಕಾಂಪ್ಯಾಕ್ಟ್‌ನಲ್ಲಿ ನೇರವಾಗಿ ಮೈಕ್ ಚುಚ್ಚಲು ಸಿಗುವುದು 16 ಮಾತ್ರ, ಉಳಿದವು ಸ್ಟೇಜ್ ಬಾಕ್ಸ್‌ನಿಂದ ಬರಬೇಕು. ಸ್ಟೇಜ್ ಬಾಕ್ಸ್ ಇದ್ದರೆ ಹಲವು ಮೈಕ್ ತಂತಿಗಳನ್ನು ಒಟ್ಟು ಸೇರಿಸಿದ ಭಾರವಾದ ಮಲ್ಟಿಕೋರ್ ಕೇಬಲ್ ಹೊರುವುದು ತಪ್ಪಿ ಒಂದೇ ನೆಟ್‌ವರ್ಕ್ ಕೇಬಲ್‌ನಲ್ಲಿ ಕೆಲಸವಾಗುತ್ತದೆ, ಆದರೆ ಆ ಒಂದರ ಮೇಲೆ ಟ್ರ್ಯಾಕ್ಟರ್ ಹತ್ತಿದರೆ ಎಲ್ಲ ಮೈಕ್‌ಗಳೂ ಒಟ್ಟಿಗೆ ಸತ್ತಂತೆ. ಅಷ್ಟೇ ಉದ್ದದ ಇನ್ನೊಂದು ಕೇಬಲ್ ಜೊತೆಗಿರಲಿ.

ಮೊದಲು ಬಾಡಿಗೆಗೆ ತಂದು ಒಂದು ನಾಟಕ ಮಾಡಿ ನೋಡಿ. ಕೊಂಡ ಮೇಲೂ ಹಳೆಯ ಮಿಕ್ಸರನ್ನು ಮಾರಬೇಡಿ, ಅದಕ್ಕೆ ಹೇಳಿಕೊಳ್ಳುವಂಥ ಬೆಲೆ ಬರುವುದಿಲ್ಲ. ಮದುವೆಗಳಿಗೆ ಅದನ್ನೇ ಕಳಿಸಿ, ನಾಟಕದ ದಿನ ಡಿಜಿಟಲ್ ಕೈಕೊಟ್ಟರೆ ಎರಡು ತೂಗು ಮೈಕ್‌ಗಳನ್ನು ಅದಕ್ಕೆ ಬದಲಿಸಬಹುದಾದಂತೆ ಕೇಬಲ್ ಸಿದ್ಧವಿಟ್ಟು ಮೇಜಿನ ಕೆಳಗೆ ಇಟ್ಟುಕೊಳ್ಳಿ.